ಕರಿಯಮ್ಮ ಕೇಳಿದ ಸೂಜಿ

ನನಗೆ ಬಾಯಾರಿಕೆ ಶುರುವಾದಾಗ ಕಣಕಟ್ಟೆಯ ತೆಂಗಿನ ಮರಗಳೆಲ್ಲ ಹೆದರಿ ನಡುಗಿದವು. ಇದು ಸುಳ್ಳಲ್ಲ, ಸ್ವಲ್ಪ ಜಾಸ್ತಿ, ಅಷ್ಟೆ. ನಮ್ಮ ಕಡೆ ಬಾಯಾರಿಕೆ ಅಂದರೆ ಉಷ್ಣ, ಉಷ್ಣ ಅಂದರೆ ಎಳನೀರು. ಇದರಲ್ಲಿ ಯಾರಿಗೂ ಅನುಮಾನವಿಲ್ಲ. ಅಪ್ಪ ತೋಟದಿಂದ ಬರುವಾಗಲೆಲ್ಲ ಒಂದು ಗೊನೆ ಎಳನೀರು ಇಳಿಸಿಕೊಂಡು ಬರುತ್ತಿದ್ದರು. ನಾನು ಕುಡಿಯುತ್ತಿದ್ದೆ. ಕುಡಿದಷ್ಟೂ ಬಾಯಾರುತ್ತಿತ್ತು, ಬಾಯಾರಿದಷ್ಟೂ ಗೊನೆ ಇಳಿಯುತ್ತಿತ್ತು. ಸಾಲದ್ದಕ್ಕೆ ಅಜ್ಜಿ ಬೆಲ್ಲದ ಪಾನಕ ಮಾಡಿ, "ಕುಡೀಲಾ ಮಗ, ಒಟ್ಟೆ ತಂಪಾಗ್ಲಿ" ಎಂದು ಚೊಂಬು ಕೈಗೆ ಕೊಡುತ್ತಿದ್ದಳು. ಒಂದು ಮನೆಯವರೆಲ್ಲ ಸೇರಿ ಇಷ್ಟು ಪ್ರೀತಿಯಿಂದ ಯಾರಿಗೂ ವಿಷ ಹಾಕಿರಲಾರರು.

ಮಳೆಗಾಲ ಶುರುವಾಗುವ ಹೊತ್ತಿಗೆ ನಾನು ಎಷ್ಟು ಬಡಕಲಾಗಿದ್ದೆ ಅಂದರೆ, ಸೊಂಟದ ಉಡಿದಾರ ಮೊಣಕಾಲಿಗೆ ಜಾರುತ್ತಿತ್ತು. ಗಾಳಿ ಬಂದಾಗ ಅವ್ವ ನನ್ನನ್ನು ಕಂಬಕ್ಕೆ ಕಟ್ಟಿಹಾಕುತ್ತಿದ್ದಳು ಎಂದು ಸ್ಕೂಲಿನಲ್ಲಿ ಹೇಳಿದೆ. ಎಲ್ಲರೂ ನಕ್ಕರು. ಹಿತ್ತಲಿನಲ್ಲಿ ನಾನು ಒಂದಕ್ಕೆ ಹೋಗುವ ಜಾಗಕ್ಕೆ ಇರುವೆಗಳು ಸಾಲುಗಟ್ಟಿ ಬರುತ್ತಿದ್ದವು. ಅದನ್ನು ಮೊದಲು ನೋಡಿದವಳು ಅವ್ವ. ಅವಳು ನಗಲಿಲ್ಲ. ಮಾರನೇ ದಿನವೇ ಅಪ್ಪ ನನ್ನನ್ನು ಅರಸೀಕೆರೆಗೆ ಕರೆದುಕೊಂಡು ಹೋದರು.

ಡಾಕ್ಟರ ಮನೆಯ ಜಗಲಿಯೇ ಕಾಯುವ ಜಾಗ. ಜಗಲಿಯ ತುಂಬ ಜನ, ಜನರ ತುಂಬ ಕಾಯಿಲೆ. ನಮ್ಮ ಪಕ್ಕದಲ್ಲಿ ಒಬ್ಬ ಕೊಬ್ಬರಿ ವ್ಯಾಪಾರಿ ಕೂತು ಕೆಮ್ಮುತ್ತಿದ್ದ. ಒಂದು ಸಲ ಕೆಮ್ಮಿದರೆ ಸ್ಟೇಷನ್ನಿನಲ್ಲಿ ನಿಂತ ರೈಲು ಹೊರಟುಬಿಡಬೇಕು, ಅಂಥ ಕೆಮ್ಮು.

"ಉಡುಗಂಗೆ ಏನಾಗೈತೆ?" ಎಂದು ಅಪ್ಪನನ್ನು ಕೇಳಿದ.

"ಬಾಯಾರ್ಕೆ ಕಣ್ರೀ."

"ಅಷ್ಟೇಯಾ? ಎಳ್ನೀರ್ ಕೊಡ್ರೀ."

"ಕೊಟ್ಟಿವ್ನಿ. ತೋಟನೇ ಖಾಲಿ ಆಗೈತೆ."

"ಅಂಗಾದ್ರೆ ನಿಮ್ ಮರ ಸರಿ ಇಲ್ಲ. ನಮ್ ತೋಟದ್ದು ಕೊಡ್ಸಿ" ಎಂದು ಹೇಳಿ ಅವನು ಮತ್ತೆ ಕೆಮ್ಮಿದ.

ಡಾಕ್ಟರು ಒಂದು ಗಾಜಿನ ಕೊಳವೆಯಲ್ಲಿ ನೀಲಿ ನೀರು ಹಾಕಿ, ಅದಕ್ಕೆ ನನ್ನ ಕಡೆಯಿಂದ ಬರಬೇಕಾದ್ದನ್ನು ನಾಲ್ಕು ಹನಿ ಬೆರೆಸಿ, ಸ್ಪಿರಿಟ್ ದೀಪದ ಮೇಲೆ ಕಾಯಿಸಿದರು. ನೀಲಿ ಹೋಗಿ ಹಸಿರಾಯಿತು, ಹಸಿರು ಹೋಗಿ ಹಳದಿಯಾಯಿತು, ಕೊನೆಗೆ ಹೊಸ ಇಟ್ಟಿಗೆಯ ಬಣ್ಣಕ್ಕೆ ಬಂದು ನಿಂತಿತು. ನನ್ನ ದೇಹದಿಂದ ಇಷ್ಟು ಬಣ್ಣ ಹೊರಡುತ್ತದೆ ಎಂದು ನನಗೇ ಗೊತ್ತಿರಲಿಲ್ಲ. ಚಪ್ಪಾಳೆ ತಟ್ಟೋಣ ಅನ್ನಿಸಿತು. ಡಾಕ್ಟರು ದೀಪ ಆರಿಸಿದರು.

"ಇದು ಸಿಹಿಮೂತ್ರ. ಈ ವಯಸ್ಸಿಗೆ ಬಂದರೆ ಔಷಧಿ ಒಂದೇ. ದಿನಾ ಎರಡು ಹೊತ್ತು ಸೂಜಿ ಹಾಕಬೇಕು."

"ಎಷ್ಟ್ ದಿನ ಸ್ವಾಮಿ?" ಎಂದು ಅಪ್ಪ ಕೇಳಿದರು.

"ಇರೋವರೆಗೂ."

"ಮಧ್ಯದಲ್ಲಿ ಬಿಟ್ರೆ?"

ಡಾಕ್ಟರು ಕೊಳವೆಯನ್ನು ತೊಳೆಯುತ್ತ, "ಬಿಡಬಾರದು ಕಣ್ರೀ. ಬಿಟ್ಟರೆ ಹುಡುಗ ಉಳಿಯಲ್ಲ" ಎಂದರು.

ಅಪ್ಪ ತಲೆಯ ಮೇಲಿನ ವಸ್ತ್ರ ತೆಗೆದು ಮುಖ ಒರೆಸಿಕೊಂಡರು. ಹೊರಗೆ ರೈಲು ಕೂಗಿತು. ಇದು ಹುಬ್ಬಳ್ಳಿ ಕಡೆಯದೋ ಮೈಸೂರು ಕಡೆಯದೋ ಎಂದು ನಾನು ಯೋಚಿಸುತ್ತ ಕೂತೆ. ಅಳು ಬರಬಹುದು ಎಂದು ಸ್ವಲ್ಪ ಹೊತ್ತು ಕಾದೆ. ಬರಲಿಲ್ಲ. ಹೆದರಿಕೆಯೂ ಬರಲಿಲ್ಲ. ಜಗಲಿಯಲ್ಲಿ ಕಾಯುತ್ತಿದ್ದ ಬೇರೆ ಯಾರದೋ ಹೆಸರು ಕರೆದಂತಿತ್ತು.

ಸೂಜಿ ಹಾಕುವುದನ್ನು ಕಾಂಪೌಂಡರು ಅಪ್ಪನಿಗೆ ಬದನೆಕಾಯಿಯ ಮೇಲೆ ಕಲಿಸಿದರು. ಸೂಜಿ ಬಿದ್ದ ಮೇಲೆ ಊಟ ತಪ್ಪಬಾರದು, ತಪ್ಪಿದರೆ ತಲೆ ಸುತ್ತಿ ಬೀಳುತ್ತಾನೆ ಎಂದೂ ಹೇಳಿದರು. ಅಪ್ಪ ತೆಂಗಿನ ಮರ ಹತ್ತಿ ತುದಿಯಲ್ಲಿ ನಿಂತು ಬೀಡಿ ಸೇದುವಂಥವರು. ಬದನೆಕಾಯಿಯ ಮುಂದೆ ಕೂತು ಮೂರು ಸಲ ಸೂಜಿ ಹಿಂದಕ್ಕೆ ಎಳೆದುಕೊಂಡರು. ನನಗಿಂತ ಆ ಬದನೆಕಾಯಿಯೇ ಹೆಚ್ಚು ನೋವು ತಿಂದಿದೆ. ಔಷಧಿಯ ಬುಡ್ಡಿ ಬೆಂಗಳೂರಿನಿಂದ ರೈಲಿನಲ್ಲಿ ಬರಬೇಕು. ಯುದ್ಧದ ಕಾಲವಾದ್ದರಿಂದ ಅದು ಬರುವವರೆಗೂ ಡಾಕ್ಟರಿಗೇ ನಂಬಿಕೆ ಇರುತ್ತಿರಲಿಲ್ಲ. ಬಂದ ಬುಡ್ಡಿಯನ್ನು ಅವ್ವ ಒದ್ದೆ ಮರಳು ತುಂಬಿದ ಮಡಕೆಯಲ್ಲಿ ಹೂತಿಟ್ಟು, ದಿನಾ ನೀರು ಚಿಮುಕಿಸುತ್ತಿದ್ದಳು. ಅಷ್ಟು ಆರೈಕೆಯಲ್ಲಿ ಏನು ಬಿತ್ತಿದ್ದರೂ ಮೊಳಕೆ ಬರುತ್ತಿತ್ತು. ಬೆಳಿಗ್ಗೆ ಒಲೆಯ ಮೇಲೆ ಮೊದಲು ಕುದಿಯುವುದು ಗಾಜಿನ ಪಿಚಕಾರಿ ಮತ್ತು ಸೂಜಿ, ಆಮೇಲೆ ಮುದ್ದೆಯ ಎಸರು. ಮುದ್ದೆ ಅಳತೆಗೆ ಬಂತು. ಪಾನಕ ನಿಂತಿತು. ಅಜ್ಜಿ ಕೆಲವು ದಿನ ನನ್ನ ಮುಖ ನೋಡದೆ ಓಡಾಡಿದಳು. ತಾನು ಕೊಟ್ಟ ಚೊಂಬುಗಳ ಲೆಕ್ಕ ಹಾಕುತ್ತಿದ್ದಳೋ ಏನೋ.

ನಾನು ಸ್ಕೂಲಿಗೆ ಹೋಗಿ, ಸೂಜಿ ಹಾರೆಯಷ್ಟು ಉದ್ದ ಇರುತ್ತದೆ, ಈ ಕಡೆ ಚುಚ್ಚಿದರೆ ಆ ಕಡೆ ಬರುತ್ತದೆ, ಅದರ ತುದಿಗೆ ಅಪ್ಪ ಟವೆಲ್ ಒಣಗಹಾಕುತ್ತಾರೆ ಎಂದು ಹೇಳಿದೆ. ಒಳ್ಳೆ ಹೆಸರು ಬಂತು. ಹುಡುಗರು ಸುತ್ತ ಕೂತು ಕೇಳುತ್ತಿದ್ದರು. ಹೇಳುವಾಗ ನನ್ನ ಒಳಗೆ ಏನೂ ಆಗುತ್ತಿರಲಿಲ್ಲ. ಕೊಬ್ಬರಿ ಗಿಟುಕು ಒಣಗಿದ ಮೇಲೆ ಚಿಪ್ಪಿನಿಂದ ಬಿಟ್ಟುಕೊಂಡು ಲೊಟಲೊಟ ಅನ್ನುತ್ತದಲ್ಲ, ಹಾಗೆ. ಅಲ್ಲಾಡಿಸಿದರೆ ಸದ್ದು, ಇಲ್ಲದಿದ್ದರೆ ಇಲ್ಲ.

ಅಕ್ಕನನ್ನು ಹಳೇಬೀಡಿನ ಹತ್ತಿರ ಹುಲಿಕೆರೆಗೆ ಕೊಟ್ಟಿದ್ದೆವು. ಅವಳ ಮಗುವಿಗೆ ಹೆಸರಿಡುವ ದಿನ ಬಂತು. ಅಪ್ಪ, ಅವ್ವ, ಅಜ್ಜಿ, ನಮ್ಮ ಮನೆಯ ಯಜಮಾನರಾದ ದೊಡ್ಡಪ್ಪ, ನಾನು, ಎಲ್ಲರೂ ಹೊರಟೆವು. ಪೆಟ್ರೋಲ್ ಸಿಗದೆ ಇದ್ದಿಲಿನಲ್ಲಿ ಓಡುತ್ತಿದ್ದ ಬಸ್ಸು ಪ್ರತಿ ಏರಿನಲ್ಲೂ ನಮ್ಮನ್ನು ಇಳಿಸಿ ತಳ್ಳಿಸಿಕೊಂಡಿತು. ಹಳೇಬೀಡಿಗೆ ಆ ಬಸ್ಸನ್ನು ನಾವೇ ಕರೆದುಕೊಂಡು ಹೋದೆವು ಎಂದರೂ ತಪ್ಪಿಲ್ಲ. ಇಳಿದು ಒಂದು ಮರದ ಮರೆಯಲ್ಲಿ ಅಪ್ಪ ನನಗೆ ಸೂಜಿ ಹಾಕಿದರು. ಹೋದ ತಕ್ಷಣ ಊಟ ಇರುತ್ತದೆ ಎಂಬ ಧೈರ್ಯ.

"ಬೀಗರ ಮನೇಲಿ ಕಾಯ್ಲೆ ಗೀಯ್ಲೆ ಅಂತ ಬಾಯಿ ಬಿಟ್ಟೀಯ, ಜೋಕೆ" ಎಂದು ಅವ್ವ ದಾರಿಯಲ್ಲೇ ಹೇಳಿದಳು. "ಆ ಮನೇರ್ಗೆ ಮಾತಾಡ್ಕೊಳಾಕೆ ನೆಪ ಬೇಕು."

ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ. ಅವಳು ಹೇಳದೆ ಹೆಸರಿಲ್ಲ, ಹೆಸರಾಗದೆ ಎಲೆ ಹಾಕುವಂತಿಲ್ಲ. ಆ ಸೋದರತ್ತೆಯ ಗಾಡಿ ಬೇಲೂರಿನಿಂದ ಬರಬೇಕಿತ್ತು. ಬರುತ್ತಿತ್ತು. ಬರುತ್ತಲೇ ಇತ್ತು. ಅಡುಗೆ ಮನೆಯಿಂದ ಹೋಳಿಗೆಯ ವಾಸನೆ ಹೊರಗೆ ಬಂದು ನನ್ನ ಪಕ್ಕದಲ್ಲೇ ಕೂತಿತು. ಹೆಣ್ಣಿನ ತಮ್ಮ ಬೀಗರ ಮನೆಯಲ್ಲಿ ಬಾಯಿಬಿಟ್ಟು ಊಟ ಕೇಳಿದರೆ, ಆ ಮಾತು ಅಕ್ಕನ ಮೊಮ್ಮಕ್ಕಳ ಕಾಲದವರೆಗೂ ಉಳಿಯುತ್ತದೆ. ಅಪ್ಪ ಬೀಗರ ಜೊತೆ ತೋಟ ನೋಡಲು ಹೋಗಿದ್ದರು. ನಾನು ಎದ್ದು ಊರ ಕಲ್ಯಾಣಿಯ ಕಡೆ ಹೋಗಿ ಮೆಟ್ಟಿಲ ಮೇಲೆ ಕೂತೆ.

ಅಲ್ಲಿ ಸುತ್ತ ಚಿಕ್ಕ ಚಿಕ್ಕ ಕಲ್ಲಿನ ಗುಡಿಗಳಿವೆ. ಅವು ಒಂದೊಂದೂ ಎರಡೆರಡಾದವು. ಆಮೇಲೆ ಮೆಟ್ಟಿಲುಗಳು ನೀರಿನೊಳಕ್ಕೆ ನಡೆದು ಹೋಗತೊಡಗಿದವು. ಮೈಯೆಲ್ಲ ಬೆವರಿತು, ಕೈ ನಡುಗಿತು, ನಾಲಿಗೆ ನನ್ನ ಮಾತು ಕೇಳಲಿಲ್ಲ. ಮುಂದಿನದನ್ನು ನಾನು ನೋಡಿಲ್ಲ. ನೋಡಿದವರು ಹೇಳಿದ್ದು, ನಾನು ಒಂದು ಚೂರು ಮಾತ್ರ ಸೇರಿಸಿದ್ದು.

ನೀರಿಗೆ ಬಂದಿದ್ದ ಒಬ್ಬ ಹೆಂಗಸು ನನ್ನನ್ನು ನೋಡಿ ಕೊಡ ಕೆಳಗಿಟ್ಟು, "ಅಯ್ಯೋ, ಬನ್ರೇ, ಉಡುಗನ ಮೈಮ್ಯಾಲೆ ಅಮ್ಮ ಬಂದವ್ಳೆ!" ಎಂದು ಕೂಗಿದಳಂತೆ. ಊರೇ ಓಡಿ ಬಂತು. ತಲೆಯ ಮೇಲೆ ಅರಿಶಿನದ ನೀರು ಸುರಿದರು, ಕೈಗೆ ಬೇವಿನ ಸೊಪ್ಪು ಕೊಟ್ಟರು, ಹಣೆಗೆ ಕುಂಕುಮ ಮೆತ್ತಿದರು. ನಾನು ಸಾಯುತ್ತಿದ್ದೆ. ಅವರು ಸರದಿಯಲ್ಲಿ ನಿಂತು ಪ್ರಶ್ನೆ ಕೇಳುತ್ತಿದ್ದರು.

"ಯಾವೂರಮ್ಮ ತಾಯಿ ನೀನು?"

ನಾನು "ಕಣಕಟ್ಟೆ" ಎಂದೆನಂತೆ. ದೊಡ್ಡಪ್ಪ ಕೈಮುಗಿದು, "ನಮ್ಮೂರ ಕರಿಯಮ್ಮ!" ಎಂದರಂತೆ.

"ಮಳೆ ಯಾವಾಗ್ ತಾಯಿ?"

"ನಾಳೆ."

"ಕಳೆದೋದ ಎಮ್ಮೆ ಸಿಕ್ತೈತಾ?"

"ಬೆಲ್ಲ."

"ಎಮ್ಮೆ ತಾಯಿ, ಎಮ್ಮೆ."

"ಬೆಲ್ಲ ಕೊಡ್ರೋ!"

ದೇವರು ಬಾಯಿಬಿಟ್ಟು ಕೇಳಿದ ಮೇಲೆ ಬೀಗರ ಮರ್ಯಾದೆ ಯಾರಿಗೆ ನೆನಪಿರುತ್ತದೆ? ತಟ್ಟೆ ತುಂಬ ಬೆಲ್ಲ, ಬಾಳೆಹಣ್ಣು ಬಂತು. ಅಜ್ಜಿ ನನ್ನ ಪಕ್ಕ ಕೂತು, ಕೈ ಹಿಡಿದುಕೊಂಡು, ಬಾಯಿಗೆ ಬೆಲ್ಲ ಇಟ್ಟಳು. ಸ್ವಲ್ಪ ಹೊತ್ತಿಗೆ ನಾನು ಕಣ್ಣು ಬಿಟ್ಟೆ. ಎಲ್ಲರೂ ನನ್ನ ಕಾಲಿಗೆ ಬೀಳುತ್ತಿದ್ದರು, ಕನ್ನಡಕ ಹಾಕಿದ ಒಬ್ಬ ಮೇಷ್ಟರೂ ಸೇರಿ. ಅದೇ ಹೊತ್ತಿಗೆ ಸೋದರತ್ತೆಯ ಗಾಡಿಯೂ ಬಂತು. ಮಾರನೇ ದಿನ ಮಳೆಯೂ ಬಂತು. ಆಶ್ಲೇಷ ಮಳೆಯ ಕಾಲ, ಅದು ಹೇಗೂ ದಿನಾ ಬರುತ್ತಿತ್ತು. ಅದನ್ನು ಯಾರೂ ಗಣನೆಗೆ ತೆಗೆದುಕೊಳ್ಳಲಿಲ್ಲ.

ಕಣಕಟ್ಟೆಗೆ ನಮಗಿಂತ ಮುಂಚೆ ಸುದ್ದಿ ಬಂದಿತ್ತು. ನಾವು ವಾಪಸಾದ ಸಂಜೆ ಅವ್ವ ಸೂಜಿ ಕುದಿಸಲು ಇಟ್ಟಾಗ ದೊಡ್ಡಪ್ಪ ಒಳಗೆ ಬಂದು ಒಲೆಯಿಂದ ಪಾತ್ರೆ ಇಳಿಸಿದರು.

"ಅಮ್ಮ ಬಂದ ಮೈಗೆ ಕಬ್ಬಿಣ ತಾಗಿಸ್ಬಾರ್ದು. ಆ ಇಂಗ್ಲೀಷ್ ಔಷ್ದಿ ಮೈಯೊಳಗಿದ್ರೆ ಅವ್ಳು ಮುನಿಸ್ಕೊಂಡಾಳು. ಅಮಾಸೆ ದಿನ ಪೂಜೆ ಮಾಡ್ಸಿ ಅಪ್ಪಣೆ ಕೇಳಾನ. ಅಲ್ಲೀಗಂಟ ಇದು ನನ್ತಾವ ಇರ್ಲಿ."

ಪಿಚಕಾರಿ, ಸೂಜಿ, ಬುಡ್ಡಿ ಎಲ್ಲವನ್ನೂ ತಮ್ಮ ಮರದ ಪೆಟ್ಟಿಗೆಯಲ್ಲಿ ಇಟ್ಟು ಬೀಗ ಹಾಕಿದರು.

"ದೊಡ್ಡಪ್ಪ, ಅದು ದೇವರಲ್ಲ. ಸೂಜಿ ಹಾಕಿಸ್ಕೊಂಡು ಊಟ ಮಾಡ್ಲಿಲ್ಲ, ಅದಕ್ಕೆ ಅಂಗಾಯ್ತು. ಸೂಜಿ ಬಿಟ್ರೆ ನಾನು ಸತ್ತೋಯ್ತೀನಿ" ಎಂದೆ. ನನ್ನ ಜನ್ಮದಲ್ಲಿ ಒಂದು ಅಕ್ಷರವೂ ಜಾಸ್ತಿ ಸೇರಿಸದೆ ಆಡಿದ ಮಾತು ಅದೊಂದೇ.

"ಓದ್ ವರ್ಸ ತೋಟದಾಗೆ ಚಿರತೆ ಹಿಡ್ದೆ ಅಂದಿದ್ದೆ. ಹೋಗಿ ನೋಡಿದ್ರೆ ನಾಯಿ" ಎಂದರು ದೊಡ್ಡಪ್ಪ. "ಸುಮ್ಕಿರ್ಲಾ ಪುಟ್ಸಾಮಿ."

ಅಪ್ಪನ ಕಡೆ ನೋಡಿದೆ. ಅಪ್ಪ ಅಣ್ಣನ ಮುಂದೆ ಎಂದೂ ಎದುರು ಮಾತಾಡಿದವರಲ್ಲ. "ಅಣ್ಣಯ್ಯ, ಡಾಕ್ಟ್ರು ಬಿಡ್ಬಾರ್ದು ಅಂದವ್ರೆ..." ಎಂದು ಶುರುಮಾಡಿದರು. ದೊಡ್ಡಪ್ಪ ತಿರುಗಿ ನೋಡಿದರು. ಮಾತು ಅಲ್ಲಿಗೇ ನಿಂತಿತು. ಮಾರನೇ ಬೆಳಿಗ್ಗೆ ಅಪ್ಪ ಯಾರಿಗೂ ಹೇಳದೆ ಅರಸೀಕೆರೆಗೆ ಹೋಗಿ ಬಂದರು. ಡಾಕ್ಟರು ಬೆಂಗಳೂರಿಗೆ ಹೋಗಿದ್ದಾರಂತೆ, ಬರುವುದು ಅಮಾವಾಸ್ಯೆ ಕಳೆದ ಮೇಲೆ.

ಅವ್ವ ರಾಗಿ ಬೀಸುತ್ತಿದ್ದಳು. ನಾನು ಹತ್ತಿರ ಹೋಗಿ ಕೂತೆ.

"ನೀನಾದ್ರೂ ದೊಡ್ಡಪ್ಪಂಗೆ ಹೇಳವ್ವ."

ಅವಳು ಬೀಸುವುದನ್ನು ನಿಲ್ಲಿಸದೆ, "ದೇವ್ರೇ ಆಗಿದ್ರೆ ಒಳ್ಳೇದಲ್ವೇನ್ಲಾ?" ಎಂದಳು. "ದೇವ್ರು ಬಂದ್ರೆ ಒಂದಿನ ಒಂಟೋಗ್ತಾಳೆ. ಕಾಯ್ಲೆ ಹೋಗಾಕಿಲ್ವಲ್ಲ."

ನಾನು ಬೀಸುಕಲ್ಲಿಗೆ ಒಂದು ಹಿಡಿ ರಾಗಿ ಹಾಕಿಕೊಟ್ಟೆ.

ಅಮಾವಾಸ್ಯೆಯ ಹೊತ್ತಿಗೆ ಬಾಯಾರಿಕೆ ತಿರುಗಿ ಬಂದಿತ್ತು. ನಾಲಿಗೆ ಅಂಗುಳಿಗೆ ಅಂಟಿಕೊಂಡು ಕೀಳಬೇಕಾಗುತ್ತಿತ್ತು. ತಿಂದದ್ದು ನಿಲ್ಲುತ್ತಿರಲಿಲ್ಲ. ಉಸಿರು ಕಮ್ಮಾರನ ತಿದಿಯ ಹಾಗೆ ಎಳೆಯುತ್ತಿತ್ತು. ಬೇರೆ ಊರಿನಿಂದ ಬಂದವರು ಜಗಲಿಯಲ್ಲಿ ಕೂತು, ನಿಂಬೆಹಣ್ಣು ಹಿಡಿದುಕೊಂಡು, ನನ್ನನ್ನು ನೋಡಲು ಕಾಯುತ್ತಿದ್ದರು. ಡಾಕ್ಟರ ಮನೆಯ ಜಗಲಿಯ ಹಾಗೆಯೇ ಇತ್ತು, ಈಗ ಒಳಗೆ ಇದ್ದವನು ನಾನು. ಸತ್ತರೆ ಏನಾಗುತ್ತದೆ ಎಂದು ಮಲಗಿ ಯೋಚಿಸಿದೆ. ದೊಡ್ಡದಾಗಿ ಏನೂ ಹೊಳೆಯಲಿಲ್ಲ. ಮಾತು ಕೇಳುವ ಹುಡುಗರು ಬೇರೆ ಯಾರ ಸುತ್ತಲೋ ಕೂರುತ್ತಾರೆ, ಅಷ್ಟೇ ಹೊಳೆಯಿತು. ಅದು ಮಾತ್ರ ಸ್ವಲ್ಪ ಬೇಜಾರಾಯಿತು.

ಆಗ ನನಗೆ ಒಂದು ವಿಷಯ ತಿಳಿಯಿತು. ನನ್ನ ಮಾತನ್ನು ಯಾರೂ ನಂಬುವುದಿಲ್ಲ. ಕರಿಯಮ್ಮನ ಮಾತನ್ನು ಎಲ್ಲರೂ ನಂಬುತ್ತಾರೆ.

ಪೂಜೆಗೆ ಅಂಗಳದಲ್ಲಿ ರಂಗೋಲಿ ಹಾಕಿ ನನ್ನನ್ನು ಮಣೆಯ ಮೇಲೆ ಕೂರಿಸಿದರು. ತಮಟೆ ಶುರುವಾಯಿತು, ಸಾಂಬ್ರಾಣಿ ಹೊಗೆ ಎದ್ದಿತು. ಹುಲಿಕೆರೆಯಲ್ಲಿ ಏನು ಮಾಡಿದೆನೋ ನನಗೆ ನೆನಪಿರಲಿಲ್ಲ, ಆದ್ದರಿಂದ ಕೇಳಿದ್ದನ್ನೇ ನಂಬಿಕೊಂಡು ತಲೆ ಆಡಿಸಿದೆ, ಹಲ್ಲು ಕಡಿದೆ, ಬೇವಿನ ಸೊಪ್ಪು ಕಿತ್ತು ಎಸೆದೆ. ತಮಟೆಯವನು ಹೆದರಿ ಜೋರಾಗಿ ಬಾರಿಸಿದ. ಜನ ಹಿಂದಕ್ಕೆ ಸರಿದರು. ಇಷ್ಟು ಒಳ್ಳೆಯ ಸಭೆ ನನಗೆ ಸ್ಕೂಲಿನಲ್ಲಿ ಎಂದೂ ಸಿಕ್ಕಿರಲಿಲ್ಲ.

"ಏನ್ಲಾ ಸಿದ್ದ!" ಎಂದೆ.

ದೊಡ್ಡಪ್ಪನನ್ನು ಊರಿನಲ್ಲಿ ಯಾರೂ ಹಾಗೆ ಕರೆದವರಿಲ್ಲ. ಅವರು ಮಣೆಯ ಮುಂದೆ ಬೋರಲಾಗಿ ಅಡ್ಡಬಿದ್ದರು.

"ತಪ್ಪಾಯ್ತು ತಾಯಿ. ಏನ್ ಬೇಕು ತಾಯಿ?"

"ನನ್ ಸೂಜಿ ಎಲ್ಲಿ?"

"ಯಾವ್ ಸೂಜಿ ತಾಯಿ?"

"ಪೆಟ್ಟಿಗೇಲಿ ಬಚ್ಚಿಟ್ಕೊಂಡಿದೀಯಲ್ಲೋ, ಅದು. ಈ ಉಡುಗ ನನ್ ಮಗ. ಇವನ್ ಮೈಗೆ ದಿನಾ ಎರಡೊತ್ತು ಸೂಜಿ ಬೀಳ್ಬೇಕು. ಸೂಜಿ ಬಿದ್ಮೇಲೆ ತಕ್ಷಣ ಊಟ ಬೀಳ್ಬೇಕು."

ದೊಡ್ಡಪ್ಪ ತಲೆ ಎತ್ತಿ, ತುಂಬ ವಿನಯದಿಂದ, "ಅದು ಇಂಗ್ಲೀಷ್ ಔಷ್ದಿ ತಾಯಿ" ಎಂದರು.

"ನಂಗೆ ಇಂಗ್ಲೀಷ್ ಬರಾಕಿಲ್ಲ ಅಂದ್ಕೊಂಡಿದೀಯೇನ್ಲಾ?"

ಜನ "ಅಮ್ಮ! ತಾಯಿ!" ಎಂದು ಕೂಗಿದರು. ಎಲ್ಲಿ ಎರಡು ಮಾತು ಇಂಗ್ಲೀಷಿನಲ್ಲಿ ಆಡು ಎಂದು ಯಾರಾದರೂ ಕೇಳಿದರೆ ಗತಿಯೇನು ಎಂದು ನಾನು ಮತ್ತೆ ಹಲ್ಲು ಕಡಿದೆ. ಇನ್ನೊಂದು ಹೇಳಬೇಕು, ಆ ಗಳಿಗೆಯಲ್ಲಿ ಒಂದು ಸೈಕಲ್ಲನ್ನೂ ಕೇಳಿಬಿಡೋಣ ಅನ್ನಿಸಿತು. ಅಷ್ಟರಲ್ಲಿ ಉಸಿರು ಸಾಲಲಿಲ್ಲ, ಕಣ್ಣಿಗೆ ಕತ್ತಲೆ ಬಂದು ಮಣೆಯಿಂದ ಉರುಳಿದೆ. ಅದು ನಟನೆಯಾಗಿರಲಿಲ್ಲ.

ದೊಡ್ಡಪ್ಪ ಓಡಿಹೋಗಿ ಪೆಟ್ಟಿಗೆ ತೆಗೆದರು. ಅವ್ವ ಸೂಜಿ ಕುದಿಸಿದಳು. ಅಪ್ಪ ನನ್ನ ತೊಡೆ ಹಿಡಿದು, ಹಿಂದಕ್ಕೆ ಎಳೆಯದೆ, ಒಂದೇ ಸಲಕ್ಕೆ ಸೂಜಿ ಹಾಕಿದರು. ತಮಟೆಯವನು ಬಾರಿಸುತ್ತಲೇ ಇದ್ದ. ಇಡೀ ಮೈಸೂರು ಸೀಮೆಯಲ್ಲಿ ಮಂಗಳಾರತಿ ಮಾಡಿಸಿಕೊಂಡು ಸೂಜಿ ಹಾಕಿಸಿಕೊಂಡ ರೋಗಿ ನಾನೊಬ್ಬನೇ ಇರಬೇಕು.

ಮೈ ಒಂದು ಹದಕ್ಕೆ ಬರಲು ಕೆಲವು ದಿನ ಹಿಡಿಯಿತು. ಅಷ್ಟು ದಿನವೂ ಅಜ್ಜಿ ನನ್ನ ಪಕ್ಕ ಕೂತಿರುತ್ತಿದ್ದಳು. ಎಲೆಅಡಿಕೆ ಕುಟ್ಟುತ್ತಿದ್ದಳು. ನಾನು ಎದ್ದು ಕೂರುವಂತಾದ ಮಧ್ಯಾಹ್ನ, ಮನೆಯಲ್ಲಿ ಬೇರೆ ಯಾರೂ ಇಲ್ಲದಾಗ, ಕುಟ್ಟುವುದನ್ನು ನಿಲ್ಲಿಸಿದಳು.

"ಉಲಿಕೆರೇಲಿ ನಿನ್ ಕೈ ನಾನೇ ಹಿಡ್ಕೊಂಡಿದ್ದು. ಬಾವಿ ನೀರಿನಂಗೆ ತಣ್ಣಗಿತ್ತು, ಬೆವ್ತು ಒದ್ದೆ ಆಗಿತ್ತು."

"ಹೂಂ ಕಣಜ್ಜಿ."

"ಅಮಾಸೆ ದಿನಾನೂ ಹಿಡ್ಕೊಂಡೆ. ಕಾದ ಹಂಚಿನಂಗಿತ್ತು. ಒಂದ್ ತೊಟ್ಟು ಬೆವ್ರಿರ್ಲಿಲ್ಲ."

ಇನ್ನೇನು ದೊಡ್ಡಪ್ಪನಿಗೆ ಹೇಳುತ್ತಾಳೆ, ಪೆಟ್ಟಿಗೆಗೆ ಮತ್ತೆ ಬೀಗ ಬೀಳುತ್ತದೆ ಎಂದುಕೊಂಡೆ. ಅಜ್ಜಿ ಕುಟ್ಟಿದ ಎಲೆಅಡಿಕೆಯನ್ನು ಬಾಯಿಗೆ ಹಾಕಿಕೊಂಡು ಸಾವಕಾಶವಾಗಿ ಅಗಿದಳು.

"ಅದೇನ್ ಹಲ್ಲು ಕಡಿಯೋದ್ಲಾ ಅದು, ಎಮ್ಮೆ ಮೆಲುಕು ಆಕ್ದಂಗೆ? ಕರಿಯಮ್ಮ ಅಂಗೆ ಕಡಿಯಾಕಿಲ್ಲ. ನಾನ್ ನೋಡಿವ್ನಿ" ಎಂದಳು. "ಇನ್ನೊಂದ್ ಕಿತ ಬಂದ್ರೆ ಸರಿಯಾಗ್ ಮಾಡು."

ಅಷ್ಟೆ. ಆ ಮೇಲೆ ಅವಳು ಆ ಮಾತು ಎತ್ತಲಿಲ್ಲ. ನಾನು ಅಳಬಹುದಿತ್ತು. ಜಾಗವೂ ಇತ್ತು, ಹೊತ್ತೂ ಇತ್ತು. ಅಳು ಬರಲಿಲ್ಲ. ಈಗಲೂ ಬಂದಿಲ್ಲ.

ಇದು ನಡೆದು ಒಂದು ಮುಂಗಾರು ಕಳೆದಿದೆ. ಬೇಲೂರಿನ ಕಡೆಯಿಂದ ಈಗಲೂ ಕೆಲವರು ನಿಂಬೆಹಣ್ಣು ತರುತ್ತಾರೆ. ಅಮ್ಮ ಹೊರಟುಹೋದಳು, ಸೂಜಿ ಮಾತ್ರ ಬಿಟ್ಟುಹೋಗಿದ್ದಾಳೆ ಎಂದು ಅವ್ವ ಅವರಿಗೆ ಹೇಳಿ ಕಳಿಸುತ್ತಾಳೆ. ಇದನ್ನು ಓದುವ ನಿಮಗೂ ಈ ಕಾಯಿಲೆ ಇದ್ದರೆ, ಧೈರ್ಯವಾಗಿರಿ ಎಂದು ನಾನು ಹೇಳುವುದಿಲ್ಲ. ನನಗೆ ಧೈರ್ಯವೂ ಇಲ್ಲ, ಹೆದರಿಕೆಯೂ ಇಲ್ಲ. ಬೆಳಿಗ್ಗೆ ನೀಲಿ ನೀರು ಕಾಯಿಸುತ್ತೇನೆ, ಯಾವ ಬಣ್ಣ ಬರುತ್ತದೋ ನೋಡುತ್ತೇನೆ, ತೊಡೆ ಒಡ್ಡುತ್ತೇನೆ. ಕೆಲವು ದಿನ ಹಸಿರು, ಕೆಲವು ದಿನ ಇಟ್ಟಿಗೆ. ಮೈ ಮರಗಟ್ಟಿದಂತಿದ್ದರೂ ದಿನ ಕಳೆಯುತ್ತದೆ. ನಿಮ್ಮ ಮನೆಯಲ್ಲಿ ನಿಮ್ಮ ಕೈ ಮುಟ್ಟಿ ನೋಡುವವರು ಯಾರು ಎಂದು ತಿಳಿದುಕೊಂಡಿರಿ. ಒಬ್ಬರು ಸಾಕು.

ಅಪ್ಪ ಸೂಜಿ ತೆಗೆದ ತಕ್ಷಣ ಅಡುಗೆ ಮನೆಯಲ್ಲಿ ತಟ್ಟೆ ಇಟ್ಟ ಸದ್ದಾಗುತ್ತದೆ. ದೊಡ್ಡಪ್ಪ ಎದುರಿಗಿದ್ದರೆ ಅಜ್ಜಿ ಸುಮ್ಮನೆ ಕೆಮ್ಮುತ್ತಾಳೆ. ಅವರು ತೋಟಕ್ಕೆ ಹೋಗಿದ್ದರೆ ಮಾತ್ರ ಬಾಗಿಲಿಗೆ ಬಂದು, ನನ್ನ ಮಣಿಕಟ್ಟು ಮುಟ್ಟಿ ನೋಡಿ, ಬೊಚ್ಚುಬಾಯಿ ತುಂಬ ನಗುತ್ತಾಳೆ.

"ಬಿರ್‌ಬಿರ್ನೆ ಬಾರ್ಲಾ ತಾಯಿ, ಮುದ್ದೆ ಆರೋಯ್ತೈತೆ."